ಐವತ್ತು ಗ್ರಾಂ

ಯಾರೂ ಬರಲಿಲ್ಲ ಜೊತೆಗೆ; ನಾನೂ ಕರೆಯಲಿಲ್ಲ.
ಎರಡೂವರೆ ದಿನ, ಒಂದು ಚೀಲ, ಒಂದು ಹೊಟ್ಟೆ.
ನವೆಂಬರಿನ ರೀಗಾದಲ್ಲಿ ಬೆಳಕು
ನಾಲ್ಕಕ್ಕೆಲ್ಲ ಅಂಗಡಿ ಮುಚ್ಚಿ ಹೊರಡುತ್ತದೆ.
ಚರ್ಚಿನ ಗೋಪುರ ಹತ್ತಲಿಲ್ಲ. ಮ್ಯೂಸಿಯಮ್ಮಿನ ಬಾಗಿಲಲ್ಲಿ
ಟಿಕೆಟ್ಟಿನ ಬೆಲೆ ಓದಿ
ಅದಕ್ಕೆ ಎಷ್ಟು ಹೊಗೆಮೀನು ಬಂದೀತೆಂದು ಗುಣಿಸಿ
ಹಿಂದಿರುಗಿದೆ.

ಆಕಾಶನೌಕೆ ಕಟ್ಟಿಹಾಕುತ್ತಿದ್ದ ಕೊಟ್ಟಿಗೆಗಳಂತೆ, ಹಿಂದೆ.
ಈಗ ಸಂತೆ.
ನಾಲ್ಕು ಬೆನ್ನು ಸಾಲಾಗಿ, ಐದನೆಯದು ಅಡ್ಡಡ್ಡ,
ಕಾಲುವೆಯ ಪಕ್ಕ ಮೆಲುಕು ಹಾಕುತ್ತ ಮಲಗಿವೆ.
ಒಳಗೆ ತೇಲುವುದು ಶಾಜೀರಿಗೆಯ ವಾಸನೆ ಮಾತ್ರ.

ಉಪ್ಪಿನಕಾಯಿ ಸಾಲಿನಲ್ಲಿ ಬಿರೂತಾ:
ಕೈಗೆ ಬೀಟ್‌ರೂಟಿನ ಬಣ್ಣ, ಕಿವಿಗೆ ಅಂಬರಿನ ಹನಿ,
ಎದುರಿಗೆ ಪೀಪಾಯಿ ಪೀಪಾಯಿ ಹುಳಿ ಎಲೆಕೋಸು.
ಕ್ಯಾರೆಟ್ ಬೆರೆಸಿದ್ದು, ಕೆಂಪು ಹಣ್ಣು ಬೆರೆಸಿದ್ದು,
ಏನೂ ಬೆರೆಸದೆ ಸಿಟ್ಟಾಗಿ ಕೂತದ್ದು.
ಎಲ್ಲದರಲ್ಲೂ ಐವತ್ತು ಗ್ರಾಂ, ಎಂದೆ.
ಅವಳು ಸೌಟು ಕೆಳಗಿಟ್ಟಳು.
"ಐವತ್ತು ಗ್ರಾಂ ಔಷಧಿ. ಊಟವಲ್ಲ.
ಎಷ್ಟು ಜನ ನೀವು?"
ಒಬ್ಬಳೇ.
ಒಂದು ಗಳಿಗೆ ನೋಡಿದಳು.
ಕನಿಕರ ಬಂದೀತೆಂದು ನಾನು ಬೆನ್ನು ಸೆಟೆಸಿ ನಿಂತೆ.
"ಒಬ್ಬಳಾದರೆ ಕಾಲು ಕಿಲೋ," ಎಂದು ತುಂಬಿದಳು,
"ಹಂಚಬೇಕಿಲ್ಲವಲ್ಲ."

ಮೀನಿನ ಕೊಟ್ಟಿಗೆಯಲ್ಲಿ ಗುನ್ವಾಲ್ಡಿಸ್
ಹಾವಿನಂಥದೊಂದನ್ನು ಎತ್ತಿ ತೋರಿಸಿದ:
ದವಡೆಯಿಲ್ಲ, ದುಂಡು ಬಾಯಿ, ಸುತ್ತ ಹಲ್ಲು.
ಹೆಸರು ಕೇಳಿದೆ. ನೇಗಿ, ಎಂದ.
ಒಂದು 'ಲು' ಸೇರಿಸಿಕೊಂಡು ನೆನಪಿಟ್ಟುಕೊಂಡೆ.
ಸುಟ್ಟು, ತನ್ನದೇ ರಸದಲ್ಲಿ ಹೆಪ್ಪುಗಟ್ಟಿಸಿದ ತುಂಡು.
ಕಣ್ಣು ಮುಚ್ಚಿ ತಿಂದೆ;
ತೆರೆದಾಗ ಎರಡನೆಯ ತಟ್ಟೆ ಮುಗಿದಿತ್ತು.

ರಾತ್ರಿ, ಮೇಣದಬತ್ತಿಯ ಮೇಜು. ಎದುರು ಕುರ್ಚಿಯ ಮುಂದಿನ
ಚಮಚ ಮುಳ್ಳು ಎತ್ತಲು ಹುಡುಗ ಬಂದ.
ಇರಲಿ ಬಿಡು, ಎಂದೆ. ಬೂದು ಬಟಾಣಿ, ಹಂದಿಕೊಬ್ಬು ಒಂದರಲ್ಲಿ,
ಸಿಹಿ ಇನ್ನೊಂದರಲ್ಲಿ.
ಸಿಹಿಯೆಂದರೆ ಗುಲಾಬಿ ನೊರೆ, ಸುತ್ತ ತಣ್ಣನೆ ಹಾಲು.
ದೆಬೆಸ್ ಅಂದರೆ ಆಕಾಶ, ಎಂದ.
ಮನ್ನಾ ಅಂದರೆ... ಪದ ಸಿಗದೆ
ಹೆಬ್ಬೆರಳಿಗೆ ತೋರುಬೆರಳು ತಿಕ್ಕಿದ.
ರವೆ! ನಾನು ಕೂಗಿದ್ದಕ್ಕೆ
ಪಕ್ಕದ ಮೇಜಿನ ಮುದುಕ ತಿರುಗಿ ನೋಡಿದ.
ರವೆಯನ್ನು ಉಪ್ಪಿಟ್ಟಿನ ಆಚೆ
ಒಂದು ದಿನವೂ ನಂಬಿದವಳಲ್ಲ ನಾನು.
ಇಲ್ಲಿ ಹುಳಿಹಣ್ಣಿನ ರಸದಲ್ಲಿ ಬೆಂದು, ಬಡಿಸಿಕೊಂಡು, ಉಬ್ಬಿ
ಯಾರ ಮನೆಯ ಹುಡುಗಿಯೋ ಎಂಬಂತೆ ಕೂತಿತ್ತು.

ಎರಡನೆಯ ದಿನ ನದಿಯ ದಂಡೆ.
ಕಪ್ಪು ರೊಟ್ಟಿ, ಇನ್ನೂ ಬೆಚ್ಚಗೆ, ಕಾಗದದಲ್ಲಿ.
ಮುರಿದೆ. ಹಬೆ ಬಂತು.
"ರುಚಿ ನೋಡು" ಎನ್ನಲು ಬಲಕ್ಕೆ ತಿರುಗಿದೆ.

ಕಡಲಹಕ್ಕಿಯೊಂದು ಒಂದೇ ಕಾಲಲ್ಲಿ ನಿಂತಿತ್ತು.

ನಮ್ಮ ಮಾತಿನಲ್ಲಿ ರುಚಿಯನ್ನೂ ನೋಡುತ್ತೇವೆ.
ಆಗಲೇ ಕತ್ತಲು. ನೀರು, ಸೇತುವೆ, ಆಚೆ ದಡ ಒಂದೂ ಕಾಣದು.
ಅಂಚು ಅಗಿದೆ: ಸುಟ್ಟ ಬೆಲ್ಲ, ಮಣ್ಣು, ಹುಳಿ.
ಹಕ್ಕಿಗೆ ಕೊಡಲಿಲ್ಲ.

ಹೊರಡುವ ಬೆಳಿಗ್ಗೆ ಬಿರೂತಾ ದೂರದಿಂದಲೇ ಕೈಯೆತ್ತಿದಳು:
"ಐವತ್ತು ಗ್ರಾಂ!"
ನನಗಲ್ಲಿ ಅದೇ ಹೆಸರು.
ಎಲೆಕೋಸಿನ ಹುಳಿನೀರು ಅರ್ಧ ಲೀಟರ್ ಬಾಟಲಿಗೆ ಸುರಿದು
ದುಡ್ಡು ಬೇಡವೆಂದಳು.

ವಿಮಾನ ನಿಲ್ದಾಣದ ತಪಾಸಣೆಯವನು ಬಾಟಲಿ ಬೆಳಕಿಗೆ ಹಿಡಿದ.
ದ್ರವ. ಬಿಸಾಡಿ, ಇಲ್ಲವೇ ಕುಡಿಯಿರಿ.
ಹಿಂದೆ ಇಪ್ಪತ್ತು ಜನ, ಕೈಯಲ್ಲಿ ಬೆಲ್ಟು, ಕಾಲಲ್ಲಿ ಕಾಲುಚೀಲ.
ಎತ್ತಿದೆ.
ಅವನು ಬಗ್ಗಿ ಮೆಲ್ಲಗೆ ಹೇಳಿದ, ಗೊತ್ತಿದ್ದವನ ಹಾಗೆ:
"ನಡುವೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಆಗುವುದಿಲ್ಲ."
ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು, ಹಲ್ಲೆಲ್ಲ ಜುಮ್ಮು.
ಸಾಲಿನಲ್ಲಿ ಯಾರೋ ಚಪ್ಪಾಳೆ ಶುರುಮಾಡಿ
ಬಿಟ್ಟುಬಿಟ್ಟರು.

ಮೋಡ ದಾಟುವಾಗ ತೇಗು ಬಂತು,
ಉದ್ದನೆಯದು, ಶಾಜೀರಿಗೆಯದು.
ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ.
ಪಕ್ಕದ ಸೀಟು ಖಾಲಿಯಿತ್ತು.