ಮುಳ್ಳು

ಮಂಕರಿಯ ತೂಕ ಮುಕ್ಕಾಲು ಕಿಲೋ.
ನಾವು ಕಳೆಯುವುದು ಒಂದೂಕಾಲು.
ಇದನ್ನು ನನಗೆ ಯಾರೂ ಬರೆದು ಕೊಟ್ಟಿಲ್ಲ.
ಮೊದಲ ದಿನ ಫೆಲಿಕ್ಸ್ ಸಾಹೇಬರು
ನನ್ನ ಪೆನ್ನಿನ ಕ್ಯಾಪು ತಾವೇ ತೆಗೆದುಕೊಟ್ಟು
"ಒಂಚೂರು ರೌಂಡ್ ಮಾಡ್ಕೋ ಮಾರಾಯ" ಅಂದರು, ಅಷ್ಟೇ.

ಚಿಕ್ಕಮಗಳೂರಿನ ಈ ಕ್ಯೂರಿಂಗ್ ಶೆಡ್ಡಿನಲ್ಲಿ
ಕರಿಬೀಜ, ಒಡಕುಬೀಜ ಆರಿಸುವ ನಲವತ್ತು ಹೆಂಗಸರು.
ಸಂಜೆ ಐದಕ್ಕೆ ಸಾಲು.
ನಸೀಬಾ ತಕ್ಕಡಿಗೆ ಮೂಗು ತಾಗಿಸಿ ನಿಲ್ಲುತ್ತಾಳೆ,
ಬೆರಳು ಮಡಿಚಿ ಲೆಕ್ಕ ಕೇಳುತ್ತಾಳೆ;
ಅವಳ ಪುಟದಲ್ಲಿ ಮಾತ್ರ
ಮೂರು ವರ್ಷದಿಂದ ಮುಕ್ಕಾಲೇ ಕಳೆದಿದ್ದೇನೆ.

ದ್ಯಾವಮ್ಮ ಮುಳ್ಳಿನ ಕಡೆ ನೋಡುವುದೇ ಇಲ್ಲ.
ಮಂಕರಿ ಇಟ್ಟು, ಬೆನ್ನು ತಿರುಗಿಸಿ,
ಸೆರಗಿನ ಧೂಳು ಕೊಡವುತ್ತ
ಕೈಮರದ ಬಸ್ಸಿಗೆ ಹೊತ್ತಾಯಿತೆನ್ನುತ್ತಾಳೆ.
ಅರ್ಧ ಕಿಲೋ. ದಿನಕ್ಕೆ ಅರ್ಧ ಕಿಲೋ.
ಒಂದು ರಾತ್ರಿ ಕೂತು ಕೂಡಿಸಿದೆ.
ಹಾಳೆ ಹರಿದೆ, ಅಂಕಿ ಹರಿಯಲಿಲ್ಲ.

ನಿನ್ನೆ ತಡೆಯಲಾಗಲಿಲ್ಲ,
ತಕ್ಕಡಿಯ ಮುಖವನ್ನೇ ಅವಳತ್ತ ತಿರುಗಿಸಿದೆ:
"ನೋಡು ದ್ಯಾವಮ್ಮ, ಒಂದ್ಸಲ ನೀನೇ ನೋಡು."
ಕಬ್ಬಿಣ ಕಿರ್ರೆಂದಿತು. ಸಾಲು ಸುಮ್ಮನಾಯಿತು.
ಗಾಜಿನ ಹಿಂದೆ ಸಾಹೇಬರ ಕುರ್ಚಿ ಸರಿದ ಸದ್ದು.

ಅವಳು ನಕ್ಕಳು, ಎಲೆಯಡಿಕೆಯ ಕೆಂಪು ಹಲ್ಲು:
"ನೋಡಾದೇನೈತಪ್ಪ ಅದ್ರಾಗೆ?
ಬರಿಯಾಕೆ ನೀನಿದ್ದೀಯಲ್ಲ."

ಮುಕ್ಕಾಲು ಅಂತ ಬರೆದೆ.
ಬಸ್ಸು ಹೊರಟಿತು.
ಹಿಂದಿನ ಪುಟಗಳು
ಹಾಗೇ ಇವೆ, ನನ್ನದೇ ದುಂಡು ಅಕ್ಷರದಲ್ಲಿ.