ಮೂರೂವರೆಯ ಗುಲಾಬಿ

ಒಂಬತ್ತು ವರ್ಷ
ದಿನಾ ಐದಕ್ಕೆ ಸರಿಯಾಗಿ ಬೀಳುತ್ತಿತ್ತು
ಸೊಹಾರಿನ ನಮ್ಮ ಬಳಗದ ಎಪ್ಪತ್ತೊಂದು ಫೋನುಗಳಿಗೆ
ಪೊಡಿಯಬ್ಬನ ಗುಲಾಬಿ.
ಹನಿ ಹೊತ್ತ ಎಸಳು, ಅಡಿಯಲ್ಲಿ ‘ಶುಬೋದಯ’,
ಬಕಾರದ ಹೊಟ್ಟೆ ಸೀಳದೆ.

ನಾನು ಫಲಜ್‌ನ ಟಯರಂಗಡಿಯಲ್ಲಿ ಲೆಕ್ಕ ಬರೆಯುವವನು,
ಬಳಗಕ್ಕೆ ಅಡ್ಮಿನ್.
ಯಾರೂ ಹೇಳದೆಯೇ ಗೊತ್ತಾಗುತ್ತದೆ ನನಗೆ
ಹೆಸರಿನಡಿಯ ಸಣ್ಣಕ್ಷರದ ಗಂಟೆ-ನಿಮಿಷದಲ್ಲಿ:
ಗ್ರೇಶನ್ ಕ್ರಾಸ್ತನಿಗೆ ರಾತ್ರಿಪಾಳಿ ಬಂತು,
ವಾಮನ ಸುವರ್ಣನಿಗೆ ನಿದ್ದೆ ಇಲ್ಲ,
ಅದೂ ಸಂಬಳದ ವಾರದಲ್ಲಿ ಮಾತ್ರ.
ರಂಜಾನಿನ ಸಹರಿ ಹೊತ್ತಿಗಂತೂ
ಬಳಗಕ್ಕೆ ಬಳಗವೇ ಎಚ್ಚರ.

ಅಕ್ಟೋಬರಿನ ಒಂದು ಸೋಮವಾರ
ಗುಲಾಬಿ ಮೂರೂವರೆಗೇ ಬಿತ್ತು.
ಮರುದಿನವೂ.
ನಿದ್ದೆ ಕೆಟ್ಟವರು ಬೈದರು. ನಾನೂ ಬರೆದೆ,
ನಗುವ ಮುಖ ಅಂಟಿಸಿ:
‘ಏನು ಮಾರಾಯಾ, ಬಂದರಿನಲ್ಲಿ ಸೂರ್ಯ ಬೇಗ ಹುಟ್ತಾನಾ ಈಗ?’

‘ಹೌದೌದು’ ಅಂದ. ‘ಇಲ್ಲಿ ಭಾರೀ ಸೆಕೆ.’

ಕಳಿಸಿದ ಮೇಲೆ ಹೊಳೆಯಿತು.
ನಮ್ಮಂಗಡಿಯ ಗೋಡೆಗೆ ಎರಡು ಗಡಿಯಾರ,
ಇಲ್ಲಿಯದೊಂದು, ಊರಿನದೊಂದು,
ನಡುವೆ ಒಂದೂವರೆ ಗಂಟೆ, ಒಂದು ಕಡಲು.
ಪೊಡಿಯಬ್ಬ ಎದ್ದದ್ದು ಎಂದಿನ ಐದಕ್ಕೇ.
ಉಳ್ಳಾಲದಲ್ಲಿ.

ವೀಸಾ ಮುಗಿಯಿತೋ,
ಕ್ರೇನಿನ ಮೇಲಿನ ಸೀಟು ಹೊಸ ಹುಡುಗನಿಗೆ ಹೋಯಿತೋ,
ಬೀಳ್ಕೊಡುಗೆಯ ಬಿರಿಯಾನಿಯಿಲ್ಲ,
ಪೆಟ್ಟಿಗೆಗೆ ಹಗ್ಗ ಬಿಗಿಯಲು ಯಾರನ್ನೂ ಕರೆದಿಲ್ಲ.
ಒಮಾನಿನ ನಂಬರೊಂದನ್ನು ಮಾತ್ರ
ಬಿಟ್ಟುಕೊಟ್ಟಿಲ್ಲ.

ನಾನು ಯಾರಿಗೂ ಹೇಳಲಿಲ್ಲ.
ಆದರೆ ನನ್ನ ಆ ಹಾಳು ನಗುಮುಖ
ಅವನಿಗೂ ಏನೋ ಹೇಳಿರಬೇಕು.
ಬುಧವಾರ ಗುಲಾಬಿ ಬಂತು,
ಐದಕ್ಕೆ ಸರಿಯಾಗಿ. ಸೊಹಾರಿನ ಐದು.

ಅಂದರೆ ಅಲ್ಲಿ
ಬಾಂಗು ಆಗಿ, ನಮಾಜು ಮುಗಿದು,
ಮೀನಿನ ಲಾರಿ ನೀರು ಸುರಿಸುತ್ತಾ ಹೋಗಿ,
ಬೆಳಕು ಪೂರ್ತಿ ಹರಿದ ಮೇಲೂ
ಆರೂವರೆಯವರೆಗೆ
ಒಬ್ಬ ಮನುಷ್ಯ ಮೆಟ್ಟಿಲ ಮೇಲೆ ಕೂತಿರುತ್ತಾನೆ
ಗುಲಾಬಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು,
ಇಲ್ಲಿ ಐದಾಗಲಿ ಎಂದು.

ಈಗ ನಾನೂ ಐದಕ್ಕೇ ಏಳುತ್ತೇನೆ.
ಎ.ಸಿ.ಯ ಗುರುಗುರು, ಮೇಲಿನ ಮಂಚದಿಂದ ಇಳಿಬಿದ್ದ ಯಾರದೋ ಕಾಲು.
‘ಶುಬೋದಯ’ ಎಂದು ಬರೆಯುತ್ತೇನೆ,
‘ಸೆಕೆ ಹೇಗುಂಟು ಬಂದರಿನಲ್ಲಿ?’

ನಾನೂ ಸೀಳುವುದಿಲ್ಲ
ಬಕಾರದ ಹೊಟ್ಟೆ.