ಗಿರಣಿಯವನ ಹೆಂಡತಿ

ವಾಲ್ಪರೈಸೊದಲ್ಲಿ ಗುರುವಾರ ರಾತ್ರಿ ಗಿರಾಕಿ ಕಡಿಮೆ.
ಮಂಜು ಬಂದರಿನಿಂದ ಗುಡ್ಡ ಹತ್ತಿ ಬಂದು
ನಮ್ಮ ಫ್ರೆಂಚ್ ಹೋಟೆಲಿನ ಗಾಜಿಗೆ ಮೂಗೊತ್ತಿ ನಿಂತಿತ್ತು.
ಎಂಟೂಕಾಲಿಗೆ ಯಾರೋ ಬಾಗಿಲು ತಳ್ಳಿದರು.
ತಳ್ಳಬಾರದು, ಎಳೆಯಬೇಕು.
ಎರಡನೇ ಸಲಕ್ಕೆ ಎಳೆದುಕೊಂಡು
ಅಪ್ಪ ಬಂದ.

ಮೂರು ದಿನ ಮೊದಲೇ ಹೆಸರು ಬರೆಸಿದ್ದನಂತೆ:
ಎಲೆಯುತೇರಿಯೊ ಬರ್ರಾಸ, ಒಬ್ಬರು.
ನನಗೆ ಹೇಳಿರಲಿಲ್ಲ.
ಚಿಕ್ಕಪ್ಪನ ಮದುವೆಗೆ ಹೊಲಿಸಿದ ಕೋಟು,
ಒಂದು ಗುಂಡಿ ಮಾತ್ರ ಬೇರೆ ಬಣ್ಣ.

ದೋನ್ ಗುಮೆರ್ಸಿಂದೊ ಕಣ್ಣಲ್ಲೇ ಅಪ್ಪಣೆ ಕೊಟ್ಟರು:
ಏಳನೇ ಮೇಜು, ನಿನ್ನದು.
ಇಲ್ಲಿ ಬಂದವರೆಲ್ಲ ಬಹುವಚನ. ಅದು ನಿಯಮ.
"ಬನ್ನಿ, ಕೂತುಕೊಳ್ಳಿ" ಅಂದೆ
ಮಾತು ಬಂದಾಗಿನಿಂದ ನೀನು ಅನ್ನುತ್ತಿದ್ದವನಿಗೆ.
ಒಂದು ಕ್ಷಣ ನನ್ನನ್ನೇ ನೋಡಿ,
"ನಿಮಗೆ ತೊಂದರೆ" ಅಂದ.
ಆ ಬಹುವಚನ ಎದುರಿನ ಖಾಲಿ ಕುರ್ಚಿಯಲ್ಲಿ
ಬೆನ್ನು ನೆಟ್ಟಗೆ ಮಾಡಿ ಕೂತಿತು.

ಬೂಚು ತೆಗೆದು, ಒಂದೇ ಗುಟುಕು ಸುರಿದು
ಪಕ್ಕಕ್ಕೆ ಸರಿದು ನಿಂತೆ, ಕಲಿಸಿದ ಹಾಗೆ.
ಕುಡಿದ. ಕಾದ. ನಾನೂ ಕಾದೆ.
"ಇಷ್ಟೇನಾ?" ಅಂದ.
ಬೇಜಾರಿನಿಂದಲ್ಲ, ತಿಳಿದುಕೊಳ್ಳಲು.

ಕನ್ನಡಕ ಮರೆತಿದ್ದ. ಮೆನುವನ್ನು ತೋಳುದ್ದ ದೂರ ಹಿಡಿದು
ಮಂಜಿನಲ್ಲಿ ದಡ ಹುಡುಕುವ ಹಾಗೆ ನೋಡಿದ.
ನಾನೇ ಓದಿದೆ, ಬೆಲೆ ಬಿಟ್ಟು.
"ಸೋಲ್ ಮ್ಯೂನಿಯೇರ್."
"ಅಂದರೆ?"
"ನಂಗು ಮೀನು. ಗಿರಣಿಯವನ ಹೆಂಡತಿ ಮಾಡುವ ಹಾಗೆ."
"ಮೀನಿಗೂ ಗಿರಣಿಗೂ ಏನು ನಂಟು?"
"ಹಿಟ್ಟಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಬೇಯಿಸುತ್ತಾರೆ. ಮೇಲೆ ನಿಂಬೆ."
ಅಪ್ಪ ಮೆನು ಮಡಚಿದ.
"ಬೆಸ್ತನ ಹೆಂಡತಿ ಮಾಡುತ್ತಿದ್ದಳಲ್ಲ,
ಹಿಟ್ಟಿಲ್ಲದ ದಿನ ಒಣ ಬ್ರೆಡ್ಡು ಪುಡಿ ಮಾಡಿ,
ಅದಕ್ಕೆ ಇಲ್ಲಿ ಏನನ್ನುತ್ತೀರಿ?"

ಅಮ್ಮ ಅದನ್ನು ಏನೆಂದೂ ಕರೆಯಲಿಲ್ಲ.
ಕೈ ತೊಳೆದು ಬನ್ನಿ ಅಂತಿದ್ದಳು, ಅಷ್ಟೆ.

ಮೇಜಿನ ಬಳಿಯೇ ಮುಳ್ಳು ಬಿಡಿಸಬೇಕು, ಎರಡು ಚಮಚದಲ್ಲಿ.
ಮೂರು ತಿಂಗಳು ಕಲಿತಿದ್ದೇನೆ.
"ನೀವು ಬಿಡಿ" ಅಂದ.
ಬಾಲದ ಹತ್ತಿರ ಎರಡು ಬೆರಳಿಟ್ಟು, ಒಮ್ಮೆ ಒತ್ತಿ, ಎತ್ತಿದ.
ಇಡೀ ಎಲುಬು ಬಾಚಣಿಗೆಯಂತೆ ಬಂತು,
ಒಂದು ಹಲ್ಲೂ ಮುರಿಯದೆ.
ಒಂಬತ್ತನೇ ಮೇಜಿನ ಜರ್ಮನ್ ದಂಪತಿ ಚಾಕು ಕೆಳಗಿಟ್ಟರು.
ದೋನ್ ಗುಮೆರ್ಸಿಂದೊ ಸೂರು ನೋಡಿದರು.

ಮೂಸಿ ನೋಡಿ, ನನಗೊಬ್ಬಳಿಗೇ ಕೇಳುವಂತೆ,
"ಮಂಜುಗಡ್ಡೆಯಲ್ಲಿ ಎರಡು ರಾತ್ರಿ ಮಲಗಿದೆ" ಅಂದ,
ಜ್ವರದ ಮಗುವಿನ ವಿಷಯ ಹೇಳುವಂತೆ.
"ವಾಪಸು ಒಯ್ಯಲೇ?"
"ಬೇಡ. ಅದರದ್ದೇನು ತಪ್ಪು."
ಎಲ್ಲಾ ತಿಂದ. ಕೊನೆಯ ಬೆಣ್ಣೆಯನ್ನೂ ಬ್ರೆಡ್ಡಿನಲ್ಲಿ ಒರೆಸಿದ.

ಬೆರಳದ್ದುವ ಬಟ್ಟಲಲ್ಲಿ ನಿಂಬೆಹೋಳು ತೇಲಿಸಿ ತಂದಿಟ್ಟೆ.
ನಕ್ಕ. "ಮನೆಯಲ್ಲೇ ಮುಗಿಸಿ ಬಂದೆ."
ಅಂಗೈ ಚಾಚಿದ:
ನಲವತ್ತೊಂದು ವರ್ಷದ ಮೀನು, ಮೂರು ನಿಂಬೆಹಣ್ಣು.
ಮೀನೇ ಗೆದ್ದಿತ್ತು.

ಬಿಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಿದ ಕಟ್ಟು ತೆಗೆದ.
ಅಷ್ಟು ಹೊಸ ನೋಟು ನಮ್ಮ ಮನೆ ಕಂಡದ್ದಿಲ್ಲ.
"ಓತಿಲಿಯಾಳನ್ನು ಕೊಟ್ಟೆ" ಅಂದ. "ಎಂಜಿನ್ ಸಮೇತ."
ಅಮ್ಮನ ಹೆಸರು.
ಅಮ್ಮ ಹೋದಮೇಲೂ ಬೆಳಗಿನ ನಾಲ್ಕಕ್ಕೆ
ಅಪ್ಪ ದಿನಾ ನೀರಿಗಿಳಿಸುತ್ತಿದ್ದ ಹೆಸರು.
ಚಿಲ್ಲರೆ ಎಣಿಸಿದೆ. ಮತ್ತೆ ಎಣಿಸಿದೆ.
ತಟ್ಟೆಯಡಿ ಹತ್ತು ಪರ್ಸೆಂಟು ಲೆಕ್ಕ ಹಾಕಿ ಬಿಟ್ಟು ಎದ್ದ.
"ಮತ್ತೆ ಬನ್ನಿ" ಅಂದೆ. ಅದೂ ನಿಯಮವೇ.

ರಾತ್ರಿ ಒಂದಕ್ಕೆ ಗುಡ್ಡದ ಲಿಫ್ಟು ನಿಂತಿರುತ್ತದೆ,
ಇನ್ನೂರ ಹನ್ನೆರಡು ಮೆಟ್ಟಿಲು.
ಅಡುಗೆಮನೆಯಲ್ಲಿ ದೀಪವಿತ್ತು. ಬನಿಯನ್ನಿನಲ್ಲಿ ಅಪ್ಪ,
ಬಾಣಲೆಯಲ್ಲಿ ಮೊಟ್ಟೆ.
"ಹಸಿವು ಕಣೇ" ಅಂದ. "ಅಲ್ಲಿ ತಿಂದೆ, ಊಟ ಆಗಲಿಲ್ಲ.
ನೀನು ಏನಾದರೂ ತಿಂದೆಯಾ?"

ಕೋಟು ಬಾಗಿಲ ಮೊಳೆಗೆ ನೇತಾಡುತ್ತಿತ್ತು,
ಇನ್ನೂ ಗುಂಡಿ ಬಿಚ್ಚದೆ.
ಮೊಟ್ಟೆ ಒಂದೇ ಇತ್ತು.
ಇಬ್ಬರೂ ಬಾಣಲೆಗೇ ಕೈ ಹಾಕಿದೆವು.
ನನ್ನ ಬೆರಳು ಸುಟ್ಟಿತು.